ಅಧ್ಯಕ್ಷೆಯ ಮನೆಗೆ ಕೊನೆಯ ನೀರು

ರಾಜಕಾರಣಿಗಳೆಂದರೆ ನನಗೆ ಮೈಯೆಲ್ಲ ಉರಿ. ಪೇಪರ್ ಓದಿ ಬಂದ ಸಿಟ್ಟಲ್ಲ ಇದು, ನಲ್ಲಿಯ ಮುಂದೆ ನಿಂತು ನಿಂತು ಬಂದದ್ದು. ಮೈಸೂರಿನ ಹತ್ತಿರದ ನಮ್ಮ ಊರಿನಲ್ಲಿ ಬೇಸಿಗೆ ಬಂತೆಂದರೆ ಬೀದಿ ನಲ್ಲಿಯಲ್ಲಿ ಮೊದಲು ಬುಸ್ಸೆಂದು ಗಾಳಿ ಬರುತ್ತಿತ್ತು, ಆಮೇಲೆ ತುಕ್ಕು ಬಣ್ಣದ ನೀರು, ಅದು ತಿಳಿಯಾಗುವಷ್ಟರಲ್ಲಿ ನಿಂತೇ ಹೋಗುತ್ತಿತ್ತು. ಕೊಡಗಳ ಸಾಲಿನಲ್ಲಿ ನಮ್ಮಮ್ಮ ಎಷ್ಟು ಜನರ ಜುಟ್ಟು ಹಿಡಿದಿದ್ದಾಳೋ ಲೆಕ್ಕವಿಲ್ಲ. ಅದೇ ಬೀದಿಯಲ್ಲಿ ಕೌನ್ಸಿಲರರ ಮನೆಯ ಸಂಪು ಮಾತ್ರ ತುಂಬಿ ತುಳುಕಿ ಚರಂಡಿಗೆ ಹರಿಯುತ್ತಿತ್ತು. ಆಯಪ್ಪ ಸಂಜೆ ಪಂಚೆ ಎತ್ತಿ ಕಟ್ಟಿಕೊಂಡು ಕಾರು ತೊಳೆಯುತ್ತಿದ್ದ. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಇಂಥ ನನ್ನ ಮನೆಗೆ ಒಬ್ಬರು ರಾಜಕಾರಣಿ ಊಟಕ್ಕೆ ಬಂದಿದ್ದರು, ಅದೂ ಪ್ಯಾಲೆಸ್ಟೀನಿನಿಂದ. ಅವರ ವಿಷಯವನ್ನು ನಾನು ಈಗ ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುತ್ತೇನೆ. ನನ್ನ ಗಂಡ 'ಮತ್ತೆ ಶುರುವಾಯ್ತಾ' ಎನ್ನುತ್ತಾರೆ. ಆಗಲಿ ಬಿಡಿ.

ನಾನು ಸಿಂಗಪುರದಲ್ಲಿ ಹೌಸಿಂಗ್ ಬ್ಲಾಕುಗಳ ನೀರಿನ ಟ್ಯಾಂಕು, ಪಂಪು ನೋಡಿಕೊಳ್ಳುವ ಇಂಜಿನಿಯರು. ಹೊರದೇಶದ ಅಧಿಕಾರಿಗಳಿಗೆ ಇಲ್ಲಿ ಆಗಾಗ ತರಬೇತಿ ನಡೆಯುತ್ತದೆ. ಬ್ಯೂನಾ ವಿಸ್ಟಾದಲ್ಲಿ ಕ್ಲಾಸು. ನಡುವೆ ಒಂದು ದಿನ ಟೋವಾ ಪಾಯೋದ ನಮ್ಮ ಬ್ಲಾಕುಗಳಿಗೆ ಕರೆತಂದು ನನ್ನ ಕೈಗೆ ಒಪ್ಪಿಸುತ್ತಾರೆ. ನಾನು ಅವರನ್ನು ತಾರಸಿಗೆ ಹತ್ತಿಸಿ ಟ್ಯಾಂಕು ತೋರಿಸಿ, ಇಳಿಸಿ, ಹಾಕರ್ ಸೆಂಟರಿನ ತಿಂಡಿ ಅಂಗಡಿಯಲ್ಲಿ ಕಾಫಿ ಕುಡಿಸಿ ಕಳಿಸುತ್ತೇನೆ. ಸುಮಾರು ಜನಕ್ಕೆ ಟ್ಯಾಂಕಿಗಿಂತ ತಾರಸಿಯ ಮೇಲಿನ ಫೋಟೋ ಮುಖ್ಯ.

ಆ ಸಲ ಬಂದವರಲ್ಲಿ ಒಬ್ಬ ಹೆಂಗಸು ಮಾತ್ರ ಫೋಟೋ ತೆಗೆಯಲಿಲ್ಲ. ಐವತ್ತು ದಾಟಿದ ವಯಸ್ಸು, ತಲೆಗೆ ಕಡುನೀಲಿ ವಸ್ತ್ರ, ಕಾಲಿಗೆ ಓಡುವವರ ಬೂಟು. ಪಶ್ಚಿಮ ದಂಡೆಯ ಒಂದು ಗುಡ್ಡದೂರಿನ ಪುರಸಭೆಯ ಅಧ್ಯಕ್ಷೆ ಎಂದು ಪರಿಚಯ ಮಾಡಿಕೊಟ್ಟರು. ಅಧ್ಯಕ್ಷೆ ಎಂದ ಕೂಡಲೇ ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಆಕೆ ಟ್ಯಾಂಕಿನ ಮೈ ಮುಟ್ಟಿ ಇಂಗ್ಲಿಷಿನಲ್ಲಿ ಕೇಳಿದರು.

"ಇದರಿಂದ ಮೊದಲು ನೀರು ಯಾರ ಮನೆಗೆ ಹೋಗುತ್ತೆ?"

"ಮೊದಲು, ಆಮೇಲೆ ಅಂತ ಏನಿಲ್ಲ ಮೇಡಂ. ಯಾರು ನಲ್ಲಿ ತಿರುಗಿಸಿದ್ರೆ ಅವರಿಗೆ."

"ಯಾವತ್ತಾದ್ರೂ?"

"ಯಾವತ್ತಾದ್ರೂ."

ಅವರು ಟ್ಯಾಂಕನ್ನೇ ನೋಡುತ್ತ ನಿಂತರು. ಆ ಮುಖ ನನಗೆ ಗೊತ್ತಿತ್ತು. ನಾನು ಮೊದಲ ಸಲ ಇಲ್ಲಿಗೆ ಬಂದಾಗ ಬಾತ್‌ರೂಮಿನ ನಲ್ಲಿ ತಿರುಗಿಸಿ, ಸುಮ್ಮಸುಮ್ಮನೆ ನೋಡುತ್ತ ನಿಂತಿದ್ದೆ.

ಕೆಳಗೆ ಕಾಫಿ ಕುಡಿಯುವಾಗ ನಾನೇ ಅವರ ಪಕ್ಕ ಕೂತೆ. ಇಪ್ಪತ್ತು ವರ್ಷ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವರಂತೆ. ಊರಿನ ಅರ್ಧ ಹೆಂಗಸರು ಇವರ ಮುಂದೆ ಮಗ್ಗಿ ತಪ್ಪಿ ಬೈಸಿಕೊಂಡವರೇ. "ಊರಿಗೆ ಬರೋ ದೊಡ್ಡ ಪೈಪಿನ ಬಾಯಿ ನಮ್ಮ ಕೈಲಿಲ್ಲ. ಆಕ್ರಮಿಸಿಕೊಂಡು ಕೂತಿರೋರ ಕೈಲಿದೆ, ಎಷ್ಟು ಬಿಡಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ. ಬಂದಷ್ಟನ್ನ ಸರದಿ ಪ್ರಕಾರ ಬೀದಿಬೀದಿಗೆ ಹಂಚೋದು ನನ್ನ ಕೆಲಸ," ಎಂದರು. ಹಿಂದಿನ ಅಧ್ಯಕ್ಷರುಗಳ ಕಾಲದಲ್ಲಿ ಹಂಚುವುದೆಂದರೆ ಅವರ ಮನೆ, ಅವರ ನೆಂಟರ ಮನೆ, ಉಳಿದರೆ ಊರು. ಅದಕ್ಕೆ ಇವರು ಚುನಾವಣೆಗೆ ನಿಂತಾಗ ಹೇಳಿದ್ದು ಒಂದೇ ಮಾತು: ನಾನು ಗೆದ್ದರೆ ಪ್ರತಿ ಸುತ್ತಿನಲ್ಲೂ ನಮ್ಮ ಮನೆಗೆ ಕೊನೆಯಲ್ಲಿ ನೀರು. ಗಂಡಸರು ನಕ್ಕರಂತೆ. ಹೆಂಗಸರು ಓಟು ಹಾಕಿದರು.

"ಈಗ ಬೇಸಿಗೇಲಿ ಒಂದು ಸುತ್ತು ಮುಗಿಯೋಕೆ ವಾರಗಳೇ ಹಿಡಿಯುತ್ತೆ. ಮನೇಲಿರೋದು ನಾನು, ನಮ್ಮಮ್ಮ. ಅಮ್ಮ ದಿನಾ ಬೈತಾಳೆ. ಮಗಳು ಅಧ್ಯಕ್ಷೆ ಆದ್ಲು, ನನ್ನ ಪುದೀನ ಒಣಗಿಹೋಯ್ತು ಅಂತ." ಹೇಳಿ ಜೋರಾಗಿ ನಕ್ಕರು. ಮುಂದಿನ ತಿಂಗಳು ಮತ್ತೆ ಚುನಾವಣೆಯಿತ್ತು. ಈ ಸಲ ಎದುರಾಳಿಗಳು ಗಟ್ಟಿ ಎಂದೂ ಹೇಳಿದರು. ಹೊರಡುವಾಗ, ಆಫೀಸುಗಳನ್ನೆಲ್ಲ ನೋಡಿಯಾಯಿತು, ಯಾರದಾದರೂ ಮನೆಯ ಅಡುಗೆಮನೆ ನೋಡಬೇಕು ಎಂದರು. ಇನ್ನೇನು, ಶನಿವಾರ ಊಟಕ್ಕೆ ಬನ್ನಿ ಎಂದುಬಿಟ್ಟೆ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಶನಿವಾರ ಬಿಸಿಬೇಳೆಬಾತು, ಕೋಸಂಬರಿ, ಹಪ್ಪಳ ಮಾಡಿದ್ದೆ. ಮೊಸರನ್ನಕ್ಕೆ ಅಕ್ಕಿ ಇನ್ನೂ ಕುಕ್ಕರಿನಲ್ಲಿತ್ತು. ಗಂಡ ಆಫೀಸಿನ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಕಾಲೇಜು ಓದುವ ಮಗಳು. ಇವಳು ಇಲ್ಲೇ ಹುಟ್ಟಿ ಬೆಳೆದವಳು. ಬಂದವರನ್ನು 'ಆಂಟಿ' ಎಂದು ಒಳಗೆ ಕರೆದುಕೊಂಡು ಹೋಗಿ ನೇರ ಸಿಂಕಿನ ಮುಂದೆ ನಿಲ್ಲಿಸಿದಳು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ನಮಗೆ ಮಧ್ಯಾಹ್ನವಾದರೆ ಅಲ್ಲಿ ಬೆಳಗಿನ ಹೊತ್ತು. ಅವರ ಅಮ್ಮ, ವಿಡಿಯೋ ಕಾಲ್.

ಮುಖ ತುಂಬ ನಗು ತುಂಬಿಕೊಂಡ ಅಜ್ಜಿ. ಒದ್ದೆ ಬಿಳಿಕೂದಲಿಗೆ ಟವೆಲ್ ಸುತ್ತಿಕೊಂಡಿದ್ದರು. ಏನೋ ವಟವಟ ಎನ್ನುತ್ತ ಫೋನನ್ನು ಹಗ್ಗದ ಮೇಲಿನ ಬಟ್ಟೆಗಳ ಕಡೆ ತಿರುಗಿಸಿದರು, ಆಮೇಲೆ ಪುದೀನದ ಕುಂಡಗಳ ಕಡೆ. ಕುಂಡದಿಂದ ನೀರು ಸೋರುತ್ತಿತ್ತು. ನಾವೂ ನಕ್ಕು ಕೈ ಬೀಸಿದೆವು. ಅಧ್ಯಕ್ಷೆ ನಗಲಿಲ್ಲ. ಫೋನ್ ಇಟ್ಟವರೇ ಇನ್ನೊಂದು ನಂಬರಿಗೆ ಮಾಡಿದರು, ಗಂಡಸಿನ ದನಿಯೊಂದು ಏನೇನೋ ಸಮಾಧಾನ ಹೇಳಿತು, ಇವರ ಮುಖ ಕೆಂಪಾಗುತ್ತ ಹೋಯಿತು.

"ಅಮ್ಮಾ, ಆಂಟಿ ಯಾಕೆ ಅಪ್‌ಸೆಟ್ ಆಗ್ಬಿಟ್ರು?" ಮಗಳು ನನ್ನ ಕಿವಿಯಲ್ಲಿ ಕೇಳಿದಳು.

ಅವರೇ ಹೇಳಿದರು. ಊರಿನ ಪಂಪು ಕೆಟ್ಟು ಅರ್ಧ ಊರಿಗೆ ಆ ಸುತ್ತಿನ ನೀರೇ ಹೋಗಿರಲಿಲ್ಲ. ಬೆಳಗ್ಗೆ ಪಂಪು ರಿಪೇರಿಯಾದ ಕೂಡಲೇ ಉಪಾಧ್ಯಕ್ಷರು ಮೊದಲು ಹೋಗಿ ತೆರೆದದ್ದು ಬೀದಿಯ ತುದಿಯಲ್ಲಿದ್ದ ಇವರ ಮನೆಯ ವಾಲ್ವು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಮಗಳು ಊರಿನಲ್ಲಿಲ್ಲ, ವಯಸ್ಸಾದ ತಾಯಿ ಒಬ್ಬರೇ ಎಂದು.

"ಒಂದೇ ಸಲ ಅಲ್ವಾ ಆಂಟಿ? ಯಾರಿಗೂ ಗೊತ್ತಾಗಲ್ಲ ಲಾ," ಎಂದಳು ಮಗಳು, ಇಲ್ಲಿಯವರ ಹಾಗೆ ಮಾತಿನ ತುದಿಗೊಂದು 'ಲಾ' ಅಂಟಿಸಿ. ನಾನೂ ದನಿಗೂಡಿಸಿದೆ. "ಬುಧವಾರ ಊರಿಗೆ ಹೋಗ್ತೀರಲ್ಲ, ಆಮೇಲೆ ನೋಡ್ಕೊಂಡ್ರಾಯ್ತು. ಈಗ ಊಟ ಮಾಡಿ."

"ನಮ್ಮೂರಿನ ಹೆಂಗಸರು ನಿಮಗೆ ಗೊತ್ತಿಲ್ಲ," ಎಂದರು. "ಪೈಪಿನ ಸದ್ದು ಕೇಳಿಯೇ ನೀರು ಯಾರ ಮನೆ ಕಡೆ ಹೋಗ್ತಿದೆ ಅಂತ ಹೇಳ್ತಾರೆ. ಹಗ್ಗದ ಮೇಲೆ ಅಷ್ಟೊಂದು ಬಟ್ಟೆ ಬೇರೆ. ಈಗಾಗಲೇ ಊರಿಗೆಲ್ಲ ಗೊತ್ತು. ನಾನು ಹೇಳ್ತೀನೋ, ಮುಚ್ಚಿಹಾಕ್ತೀನೋ ಅಂತ ಕಾಯ್ತಾ ಇರ್ತಾರೆ."

"ಹೇಳಿದ್ರೆ ಎಲೆಕ್ಷನ್ ಗತಿ?" ನಾನು ಕೇಳೇಬಿಟ್ಟೆ.

"ಸೋಲಬಹುದು. ಎದುರಿನವರಿಗೆ ಇಷ್ಟು ದಿನ ನನ್ನ ಮೇಲೆ ಹೇಳೋಕೆ ಏನೂ ಇರಲಿಲ್ಲ. ಈಗ ನಾನೇ ಕೈಗೆ ಕೊಟ್ಟ ಹಾಗಾಗುತ್ತೆ."

ಅಲ್ಲಿ ನೀರಿನ ಸರದಿಯನ್ನು ಮಸೀದಿಯ ಮೈಕಿನಲ್ಲಿ ಊರಿಗೆಲ್ಲ ಕೂಗಿ ಹೇಳುವುದು ರೂಢಿಯಂತೆ. ಉಪಾಧ್ಯಕ್ಷರಿಗೆ ಮತ್ತೆ ಫೋನ್ ಮಾಡಿ, ಆ ಮೈಕಿನ ಮುಂದೆ ಫೋನ್ ಹಿಡಿಯಲು ಹೇಳಿದರು. ಆತ ಬೇಡ ಬೇಡ ಎಂದು ಗೋಗರೆಯುತ್ತಿದ್ದುದು ನಮಗೂ ಕೇಳಿಸಿತು. ಭಾಷೆ ಬಾರದಿದ್ದರೇನು, ಗೋಗರೆಯುವುದು ಎಲ್ಲ ಭಾಷೆಯಲ್ಲೂ ಒಂದೇ. ನಾನು ರೂಮಿನ ಬಾಗಿಲು ತೆರೆದು ಒಳಗೆ ಹೋಗಿ ಮಾತಾಡಿ ಎಂದೆ. ಇಲ್ಲೇ ಆಗುತ್ತದೆ ಎಂದು ಒಲೆಯ ಪಕ್ಕ ನೆಟ್ಟಗೆ ನಿಂತರು, ಬೋರ್ಡಿನ ಮುಂದೆ ಟೀಚರು ನಿಂತಂತೆ. ಕುಕ್ಕರ್ ಬುಸುಗುಡತೊಡಗಿತು. ಅಯ್ಯೋ ದೇವರೇ, ಇನ್ನೊಂದು ಕ್ಷಣಕ್ಕೆ ನಮ್ಮನೆ ಕುಕ್ಕರಿನ ವಿಷಲ್ ಪ್ಯಾಲೆಸ್ಟೀನಿನ ಊರಿಗೆಲ್ಲ ಕೇಳಿಸುತ್ತಿತ್ತು! ಮಗಳು ಓಡಿಬಂದು ಒಲೆ ಆರಿಸಿ, ಕುಕ್ಕರನ್ನು ಎತ್ತಿಕೊಂಡು ಬಾಲ್ಕನಿಗೆ ಹೋದಳು.

ಅವರು ಮಾತಾಡಿದ್ದು ಸ್ವಲ್ಪವೇ ಹೊತ್ತು. ಫೋನಿನ ಆ ಕಡೆಯಿಂದ ಅವರದೇ ದನಿ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ನಮಗೆ ಅರ್ಥ ಹೇಳಿದರು: "ಇವತ್ತು ನಮ್ಮ ಮನೆಗೆ ಸರದಿ ಬಿಟ್ಟು ನೀರು ಬಂದಿದೆ. ವಾಲ್ವು ತೆರೆದವರ ತಪ್ಪಲ್ಲ, ತಪ್ಪು ನನ್ನದು. ನಮ್ಮಮ್ಮ ಆ ನೀರಲ್ಲಿ ಸ್ನಾನ ಮಾಡಿದ್ದಾಳೆ, ಬಟ್ಟೆ ಒಗೆದಿದ್ದಾಳೆ, ಪುದೀನಕ್ಕೆ ಹಾಕಿದ್ದಾಳೆ. ವಾಪಸ್ ಕೊಡೋಕಾಗಲ್ಲ. ಅದಕ್ಕೆ ಈ ಸುತ್ತಿನಲ್ಲಿ ನಮ್ಮ ಸರದಿ ಬಂದಾಗ ನಮ್ಮ ಮನೆ ವಾಲ್ವು ತೆರೆಯೋ ಹಾಗಿಲ್ಲ. ಅಷ್ಟೇ ಹೇಳಿದೆ."

ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಫೋನು. ಅಜ್ಜಿ. ಈ ಸಲ ವಿಡಿಯೋ ಇಲ್ಲ, ಬರೀ ಬೆಂಕಿ. ಇವರು ಒಂದು ಮಾತಾಡಲು ಬಾಯಿ ತೆರೆದರೆ ಆ ಕಡೆಯಿಂದ ಹತ್ತು. ಕೊನೆಗೆ ಫಟ್ಟನೆ ಕಟ್ಟಾಯಿತು.

"ಏನಂದ್ರು?" ಎಂದೆ.

"ನಾನು ಸ್ನಾನ ಮಾಡಿದ್ದನ್ನ ಮಸೀದಿ ಮೈಕಲ್ಲಿ ಊರಿಗೆಲ್ಲ ಸಾರಿದ್ಯಲ್ಲ, ನಾಚಿಕೆ ಆಗಲ್ವಾ ನಿನಗೆ? ಇನ್ನು ಈ ಜನ್ಮದಲ್ಲಿ ನಿನ್ನ ಹತ್ತಿರ ಮಾತಾಡಲ್ಲ ಅಂದ್ಲು."

ನನಗೆ ನಗು ತಡೆಯಲಾಗಲಿಲ್ಲ, ಮಗಳಿಗೂ. ಅವರೂ ನಕ್ಕರು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂದು, ತಲೆವಸ್ತ್ರದ ಅಂಚಿನಿಂದ ಒರೆಸಿಕೊಂಡರು. ಊರು ಕೈಬಿಟ್ಟರೂ ತಡೆದುಕೊಂಡಾರು, ಅಮ್ಮ ಮಾತು ಬಿಟ್ಟದ್ದು ಅವರಿಗೆ ಆಗಲಿಲ್ಲ. ನಾನು ತಟ್ಟೆಗೆ ಬಿಸಿಬೇಳೆಬಾತು ಬಡಿಸಿ, ಸೌಟು ತುಂಬ ತುಪ್ಪ ಸುರಿದೆ. ಅಳುತ್ತಲೇ ತಿಂದರು, ಎರಡನೇ ಸಲವೂ ಹಾಕಿಸಿಕೊಂಡರು. ಆ ಹೊತ್ತಿಗೆ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ನಾನೇ ಅವರನ್ನು ಹೆತ್ತು ಸಾಕಿದವಳ ಹಾಗೆ. ನನ್ನ ಸಾಧನೆ ಏನು? ಅನ್ನ ಹಾಕಿದ್ದು. ಆದರೂ ಹೆಮ್ಮೆ ಹೆಮ್ಮೆಯೇ.

ಬುಧವಾರ ಅವರು ಹೊರಟುಹೋದರು. ಅಲ್ಲಿಯವರೆಗೂ ಅಜ್ಜಿ ಫೋನ್ ಎತ್ತಿರಲಿಲ್ಲ. ಊರಿಗೆ ಹೋದ ಮೇಲೂ ಒಂದೇ ಸೂರಿನ ಕೆಳಗೆ ಇಬ್ಬರೂ ಮಾತಿಲ್ಲದೆ ಇದ್ದರಂತೆ. ಅಜ್ಜಿ ಅಡುಗೆ ಮಾಡಿ ಮುಂದಿಡುತ್ತಿದ್ದರು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಎದುರಿನವರು ಸುಮ್ಮನಿರುತ್ತಾರೆಯೇ? 'ಅಧ್ಯಕ್ಷೆಯ ಅಮ್ಮನ ಸ್ನಾನ' ಎಂದು ಊರಿನ ಗಲ್ಲಿಗಲ್ಲಿಯಲ್ಲಿ ಆಡಿಕೊಂಡು ಓಡಾಡಿದರು. ನನ್ನ ಮಗಳು ದಿನಾ ಬೆಳಗ್ಗೆ "ಆಂಟಿಯಿಂದ ಮೆಸೇಜ್ ಬಂತಾ?" ಎಂದು ಕೇಳುತ್ತಿದ್ದಳು. ತನ್ನ ಪರೀಕ್ಷೆಯ ರಿಸಲ್ಟಿಗೂ ಅವಳು ಹೀಗೆ ಒದ್ದಾಡಿದವಳಲ್ಲ.

ಚುನಾವಣೆಗೆ ಸ್ವಲ್ಪ ಮುಂಚೆ ಒಂದು ಫೋಟೋ ಬಂತು. ಅವತ್ತು ಅವರ ಮನೆಯ ಸರದಿ, ಅಂದರೆ ತಪ್ಪಬೇಕಾದ ಸರದಿ. ಮೆತ್ತನೆ ಮನಸ್ಸಿನ ಉಪಾಧ್ಯಕ್ಷರು, ಅಜ್ಜಿಗೆ ಎರಡು ಬಿಂದಿಗೆಯಾದರೂ ಬಿಡೋಣ ಎಂದು ಬೆಳಗ್ಗೆ ಯಾರೂ ಏಳುವ ಮುಂಚೆ ಬಂದಿದ್ದಾರೆ. ಬಂದು ನೋಡಿದರೆ ವಾಲ್ವಿನ ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಅಜ್ಜಿ ಕೂತಿದ್ದಾರೆ! ಎದ್ದೇಳಿ ಎಂದರೆ ಏಳಲಿಲ್ಲವಂತೆ. "ನನ್ನ ಮಗಳು ಮೈಕಲ್ಲಿ ಇಲ್ಲ ಅಂದಿದ್ದಾಳೆ. ನೀನ್ಯಾರು ತೆರೆಯೋಕೆ? ನಡಿ," ಎಂದು ಗದರಿ ಕಳಿಸಿದ್ದಾರೆ. ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದಾರೆ. ಫೋಟೋ ತೆಗೆದದ್ದೂ ಅವರಲ್ಲೊಬ್ಬಳು. ಅಜ್ಜಿ ಊಟದ ಹೊತ್ತಿನವರೆಗೂ ಅಲ್ಲೇ ಕೂತಿದ್ದರಂತೆ, ಮಗಳ ಜೊತೆ ಮಾತು ಮಾತ್ರ ಇಲ್ಲ. ಆ ಫೋಟೋವನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ, ಲಿಫ್ಟಿನಲ್ಲಿ ಸಿಕ್ಕವರನ್ನೂ ಬಿಡಲಿಲ್ಲ.

ಫಲಿತಾಂಶ ಬಂದದ್ದು ನಾನು ತಂಜಾಂಗ್ ಪಗಾರಿನಲ್ಲಿ ಮೀಟಿಂಗ್ ಮುಗಿಸಿ ಎಂಆರ್‌ಟಿ ರೈಲು ಹತ್ತಿದಾಗ. ಮೆಸೇಜಿನಲ್ಲಿ ಮೊದಲು ಒಂದೇ ಪದ: ಗೆದ್ದೆ. ನಾನು "ಹೋ" ಎಂದು ಕೂಗಿಬಿಟ್ಟೆ. ಎದುರಿಗೆ ಕೂತಿದ್ದ ಚೀನೀ ಆಂಟಿ ಬೆಚ್ಚಿಬಿದ್ದು ಬ್ಯಾಗನ್ನು ಅವುಚಿಕೊಂಡರು. ಸಾರಿ ಎನ್ನುವಷ್ಟರಲ್ಲಿ ಎರಡನೆಯ ಮೆಸೇಜು ಬಂತು.

ಓಟಿನ ದಿನ ಬೂತಿನ ಬಾಗಿಲು ತೆರೆಯುವ ಮುಂಚೆಯೇ ಅಜ್ಜಿ ಹೋಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರಂತೆ. ಓಟು ಹಾಕಿ ಹೊರಗೆ ಬಂದವರೇ, ಅಲ್ಲೇ ನಿಂತಿದ್ದ ಮಗಳ ಮುಖ ಸಹ ನೋಡದೆ, ಪಕ್ಕದಲ್ಲಿದ್ದ ಉಪಾಧ್ಯಕ್ಷರಿಗೆ ಊರಿಗೆಲ್ಲ ಕೇಳುವಂತೆ ಹೇಳಿದರಂತೆ:

"ಅವಳಿಗೇ ಹಾಕಿದ್ದೀನಿ ಅಂತ ಹೇಳು. ಮಾತು ಮಾತ್ರ ಇನ್ನೂ ಬಿಟ್ಟಿದ್ದೀನಿ, ಅದನ್ನೂ ಹೇಳು."