ಕಾಕು ಬಡಿಸಿದ ಸಿನಿಮಾ

ನಾನು ನಿಂತಿದ್ದು ಬೇದಾಣೆ ಶೆಡ್ಡಿನ ಬಾಗಿಲಿಗೆ ಹತ್ತಿದ ಎಡಗಡೆಯ ಕಂಬದ ಪಕ್ಕ. ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಮೊದಲ ಭಾನುವಾರ. ಹೊತ್ತು ಆಗಷ್ಟೇ ಮುಳುಗಿತ್ತು. ಕಂಬದ ವಿಷಯ ಯಾಕೆ ಹೇಳುತ್ತೇನೆಂದರೆ, ಸಿನಿಮಾ ಮುಗಿಯುವ ಹೊತ್ತಿಗೆ ನಾನು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದೆ ಎಂದು ಊರಲ್ಲಿ ಹೇಳುವವರಿದ್ದಾರೆ. ಅದು ಸುಳ್ಳು. ಒಂದೇ ಕೈಯಿಂದ ಹಿಡಿದಿದ್ದೆ.

ನಮ್ಮದು ಅಥಣಿ ಕಡೆಯ ಊರು. ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಶೆಡ್ಡುಗಳು ಬೇಸಿಗೆಯಲ್ಲಿ ತುಂಬಿರುತ್ತವೆ, ಉಳಿದ ದಿನ ಖಾಲಿ. ನನ್ನ ಕಾಕಾನ ಶೆಡ್ಡಿನಲ್ಲಿ ದ್ರಾಕ್ಷಿ ಹರವುವ ಜಾಳಿಗೆಗಳನ್ನು ಬಿಚ್ಚಿ ಸುತ್ತಿಟ್ಟಿದ್ದರಿಂದ ಅದು ದೊಡ್ಡ ಹಜಾರದ ಹಾಗಿತ್ತು. ಊರಿನ ಹುಡುಗನೊಬ್ಬ ತನ್ನ ಸಿನಿಮಾ ತೆಗೆದದ್ದೂ ಅಲ್ಲಿಯೇ, ಊರಿಗೆ ತೋರಿಸಿದ್ದೂ ಅಲ್ಲಿಯೇ.

ಆ ಹುಡುಗ ನಮ್ಮ ಹಿತ್ತಲಿಗೆ ಹತ್ತಿದ ಮನೆಯವನು. ಕೊಲ್ಲಾಪುರದಲ್ಲಿ ಲಗ್ನದ ವಿಡಿಯೋ ತೆಗೆಯುವ ಕೆಲಸ ಕಲಿತು, ನಾಲ್ಕು ಗೆಳೆಯರನ್ನು ಕಟ್ಟಿಕೊಂಡು ಸ್ವಂತ ಸಿನಿಮಾ ಮಾಡುತ್ತೇನೆ ಎಂದು ಬಂದಿದ್ದ. ನಾವು ಅವನನ್ನು ಅಂದಿನಿಂದಲೇ ಡೈರೆಕ್ಟರ್ ಎಂದು ಕರೆಯತೊಡಗಿದೆವು. ಅವನು ಅದನ್ನು ಚೇಷ್ಟೆ ಎಂದು ತಿಳಿಯಲಿಲ್ಲ. ಅವನಿಗೆ ನಟಿ ಬೇಕಾಗಿತ್ತು. ಅವನ ಕಣ್ಣು ನಮ್ಮ ಕಾಕುವಿನ ಮೇಲೆ ಬಿತ್ತು.

ಕಾಕು ನನ್ನ ಕಾಕಾನ, ಅಂದರೆ ಚಿಕ್ಕಪ್ಪನ, ಹೆಂಡತಿ. ಊರಿನಲ್ಲಿ ಯಾರ ಮನೆಯಲ್ಲಿ ಹೋಳಿಗೆಯಾದರೂ ಹೂರಣದ ಹದ ನೋಡಲು ಅವಳನ್ನೇ ಕರೆಯುತ್ತಾರೆ. ಹದಕ್ಕಿಂತ ದೊಡ್ಡದು ಅವಳ ಒತ್ತಾಯ. ನಮ್ಮ ಕಡೆ ಪಂಗ್ತಿಯಲ್ಲಿ ಕೂತವನು 'ಸಾಕು' ಎಂದರೆ ಊಟ ಮುಗಿಯಿತು ಎಂದಲ್ಲ, ಒತ್ತಾಯ ಶುರುಮಾಡಿ ಎಂದು. ತಾನಾಗಿ ಎರಡನೆಯ ಹೋಳಿಗೆ ಕೇಳುವವನಿಗೆ ಮರ್ಯಾದೆಯಿಲ್ಲ. ಎರಡನೆಯದಕ್ಕೆ ಒತ್ತಾಯ ಮಾಡದ ಮನೆಗೂ ಇಲ್ಲ. ಕಾಕು ಬಡಿಸುವಾಗ ನೀವು ಕೈ ಅಡ್ಡ ಹಿಡಿದರೆ ತುಪ್ಪವನ್ನು ಬೆರಳ ಸಂದಿಯಿಂದ ಇಳಿಸುತ್ತಾಳೆ. ತಟ್ಟೆ ಎಳೆದುಕೊಂಡರೆ ತಟ್ಟೆಯ ಹಿಂದೆಯೇ ಬರುತ್ತಾಳೆ. ಕೊನೆಗೆ "ಇನ್ನೊಂದ ತಗೋರಿ, ನನ್ನ ಆಣಿ ಐತಿ" ಎನ್ನುತ್ತಾಳೆ. ಆಣೆ ಹಾಕಿದ ಮೇಲೆ ಯಾವ ಗಂಡಸೂ ಇಲ್ಲವೆಂದದ್ದನ್ನು ನಾನು ನೋಡಿಲ್ಲ.

ಡೈರೆಕ್ಟರ್ ಅವಳಿಗೆ ಕಥೆ ಹೇಳಿದ್ದು ಇಷ್ಟೇ: ಒಬ್ಬ ತಾಯಿ, ತೀರಿಹೋದ ಮಗನ ವರ್ಷದ ದಿನ ನಾಲ್ವರನ್ನು ಕರೆದು ಉಣಿಸುತ್ತಾಳೆ.

"ನಂಗ ನಟನಿ-ಗಿಟನಿ ಬರೂದಿಲ್ಲಪಾ," ಎಂದಿದ್ದಳು ಕಾಕು.

"ನಟನಿ ಬ್ಯಾಡ ಕಾಕು. ನೀ ದಿನಾ ಬಡಸ್ತಿಯಲ್ಲ, ಹಂಗ ಬಡಸು. ಕ್ಯಾಮೆರಾ ಕಡೆ ನೋಡಬ್ಯಾಡ, ಅಷ್ಟ."

ಹಾಗೆಯೇ ಬಡಿಸಿದಳು. ಆ ನಾಲ್ವರೂ ಊರವರೇ. ಒಬ್ಬ ಟೇಲರ್, ಒಬ್ಬ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್, ಒಬ್ಬರು ರಿಟೈರಾದ ಮಾಸ್ತರ್, ನಾಲ್ಕನೆಯವನು ಡೈರೆಕ್ಟರನ ಸೋದರಮಾವ. ಎಲ್ಲ ಮನಸಾರೆ ಉಂಡರು. ಉಂಡಾದ ಮೇಲೆ ಅಲ್ಲಿಯೇ ಅಡ್ಡಾಗಿರಿ ಎಂದು ಡೈರೆಕ್ಟರ್ ಹೇಳಿದ. ಹೋಳಿಗೆ ಉಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಾಕು ಅವರನ್ನು ನೋಡಿ ನಕ್ಕು, ನೊಣ ಕಾಡುತ್ತಿದ್ದವೆಂದು ಮಾಸ್ತರರ ಮುಖದ ಮೇಲೆ ಒಂದು ಬಿಳಿ ಪಂಜೆ ಹೊದಿಸಿದಳು. ಬೆಳಗಿನಿಂದ ಹಸಿದಿದ್ದಳು, ತಾನೂ ಒಂದು ತಟ್ಟೆ ಹಾಕಿಕೊಂಡು ಅವರ ನಡುವೆ ಕೂತು ಉಂಡಳು. ಕ್ಯಾಮೆರಾ ಓಡುತ್ತಿತ್ತು. ಅದು ಅವಳಿಗೆ ನೆನಪಿರಲಿಲ್ಲ.

ಅದು ಊಟದ ಸಿನಿಮಾ ಎಂದೇ ಕಾಕು ನಂಬಿದ್ದಳು. ಆದ್ದರಿಂದಲೇ ಬೀಗರಾಗಬೇಕಾದವರನ್ನೂ ಕರೆದಳು. ಅವಳ ಮಗಳಿಗೆ, ನನ್ನ ತಂಗಿಗೆ, ಕೊಗನೊಳ್ಳಿ ಕಡೆಯ ಒಂದು ಸಂಬಂಧ ಬಹುತೇಕ ಗಟ್ಟಿಯಾಗಿತ್ತು. ಸಾಕರಪುಡಾ ಮಾಡುವುದೊಂದು ಬಾಕಿ. ಅಂದರೆ ಅವರು ನಮ್ಮ ಮನೆಗೆ ಬಂದು ಉಂಡು, ಹುಡುಗಿಯ ಉಡಿಯಲ್ಲಿ ಸಕ್ಕರೆ ಪೊಟ್ಟಣ ಹಾಕಿ ಹೋಗಬೇಕು. ಹುಡುಗ-ಹುಡುಗಿ ಇಬ್ಬರೂ ಆಗಲೇ ಫೋನಿನಲ್ಲಿ ಮಾತಾಡಿ ಮಾತಾಡಿ, ಸಾಕರಪುಡಾ ಯಾವಾಗ ಎಂದು ನಮ್ಮನ್ನು ಕೇಳುವ ಸ್ಥಿತಿಗೆ ಬಂದಿದ್ದರು. ಹೊಸ ಸಂಬಂಧ, ಮನೆಯವಳು ಸಿನಿಮಾದಲ್ಲಿ ಮಾಡಿದ್ದಾಳೆ, ಕರೆಯದಿದ್ದರೆ ಬೇಜಾರು ಮಾಡಿಕೊಂಡಾರು ಎಂಬುದು ಕಾಕುವಿನ ಲೆಕ್ಕ. ಹುಡುಗ, ಅವನ ಅಪ್ಪ, ಅವನ ಆಯಿ ಬಂದರು. ಆಯಿ ಎಂದರೆ ಅಪ್ಪನ ತಾಯಿ. ಆ ಮನೆಯಲ್ಲಿ ಅವರು ಹೂಂ ಎನ್ನದೆ ಯಾವುದೂ ಆಗುವುದಿಲ್ಲ. ಮೂವರನ್ನೂ ಮುಂದಿನ ಕುರ್ಚಿಗಳಲ್ಲಿ ಕೂಡಿಸಿದೆವು. ಆಯಿ ತಂಬಾಕಿನ ಚಂಚಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಮೊದಲು ಎಲ್ಲರೂ ಖುಷಿಯಲ್ಲಿದ್ದರು. ಪರದೆಯ ಮೇಲೆ ಟೇಲರ್ ಬಂದಾಗ ಸೀಟಿ ಹೊಡೆದರು. ಡ್ರೈವರ್ ಬಂದಾಗ ಅವನ ಹೆಂಡತಿಯೇ "ಅಂಗಿ ಗುಂಡಿ ಹಾಕ್ಕೋ ಲೇ" ಎಂದು ಕೂಗಿದಳು. ಆಮೇಲೆ ಕಾಲುವೆಯ ನೀರಿನ ಜಗಳದಲ್ಲಿ ಆ ನಾಲ್ವರು ಒಬ್ಬ ಹುಡುಗನನ್ನು, ಆ ತಾಯಿಯ ಮಗನನ್ನು, ಹೊಡೆದು ನೀರಿಗೆ ನೂಕಿದರು. ಸೀಟಿ ನಿಂತಿತು. ಎರಡು ಕೈಗಳು ಹೂರಣದಲ್ಲಿ ಏನನ್ನೋ ಕಲಸಿದವು. ಆ ಕೈಗಳಿಗೆ ಮುಖವಿರಲಿಲ್ಲ. ಮುಂದಿನ ದೃಶ್ಯದಲ್ಲಿ ನಮ್ಮ ಕಾಕು ನಗುತ್ತ, "ಇನ್ನೊಂದ ತಗೋರಿ, ನನ್ನ ಆಣಿ ಐತಿ" ಎಂದಳು.

ಅದು ಅವಳದೇ ನಗು. ನನ್ನ ಮುಂಜಿಯಲ್ಲಿ, ಅಕ್ಕನ ಲಗ್ನದಲ್ಲಿ, ಅಜ್ಜನ ತಿಥಿಯಲ್ಲಿ ನಾನು ಕಂಡ ನಗು. ನಾನು ಕಂಬ ಹಿಡಿದದ್ದು ಅಲ್ಲಿ. ರಕ್ತವಿಲ್ಲ, ಕೂಗಾಟವಿಲ್ಲ. ಒಬ್ಬೊಬ್ಬರೇ ತಟ್ಟೆಯ ಪಕ್ಕಕ್ಕೆ ಒರಗಿದರು, ಅವಳು ಮುಂದಿನವನಿಗೆ ಒತ್ತಾಯ ಮಾಡಿದಳು. ಕೊನೆಗೆ ಮಾಸ್ತರರ ಮುಖದ ಮೇಲೆ ಬಿಳಿ ಬಟ್ಟೆ ಎಳೆದು, ನಾಲ್ಕು ಹೆಣಗಳ ನಡುವೆ ಕೂತು ಹೊಟ್ಟೆ ತುಂಬ ಉಂಡಳು. ಬೆರಳು ನೆಕ್ಕಿದಳು. ಪರದೆ ಕಪ್ಪಾಯಿತು.

ನನ್ನ ಪಕ್ಕದಲ್ಲಿ ಶೇಂಗಾ ತಿನ್ನುತ್ತ ನಿಂತಿದ್ದವನು ಆ ಟೇಲರೇ. ಅವನ ಕೈ ಬಾಯಿಯ ಹತ್ತಿರವೇ ನಿಂತುಬಿಟ್ಟಿತ್ತು.

"ನಾ ಸತ್ತೇನಲ್ರಿ," ಎಂದ ಮೆಲ್ಲಗೆ.

"ಅಂವಾ ನಿಮಗ ಹೇಳಿರಲಿಲ್ಲೇನು?"

"ಉಂಡ ಮಲಕೋ ಅಂದಿದ್ದರಿ. ನಾ ಖರೇನ ಮಲಗಿದ್ದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಶೆಡ್ಡಿನ ಬಾಗಿಲ ದೀಪ ಹತ್ತಿತು. ನೋಡಿದರೆ ಅಲ್ಲಿ ಕಾಕು. ಅವಳು ಸಿನಿಮಾದ ಅರ್ಧಕ್ಕೆ ಎದ್ದು ಎಲ್ಲರಿಗೂ ಚಹಾ ಮಾಡಲು ಹೋಗಿದ್ದಳು. ಕೊನೆಯದನ್ನು ನೋಡಿಯೇ ಇರಲಿಲ್ಲ. ದೊಡ್ಡ ಪಾತೇಲಿ, ಪಕ್ಕದಲ್ಲಿ ಚುರಮುರಿಯ ಬುಟ್ಟಿ. ಅದೇ ಸೀರೆ, ಅದೇ ನಗು.

"ಬರ್ರಿ, ಬರ್ರಿ. ಚಾ ತಗೋರಿ."

ಊರಿಗೆ ಊರೇ ಇನ್ನೊಂದು ಬಾಗಿಲಿನಿಂದ ಹೊರಬಿತ್ತು. ಆ ಬಾಗಿಲು ಟ್ರಾಲಿ ಹಿಂದಕ್ಕೆ ತರುವುದಕ್ಕಷ್ಟೇ ಇದ್ದದ್ದು. ಬೀಗರು ಮಾತ್ರ ಕಾಕುವಿನ ಎದುರಿನಿಂದಲೇ ಹೋಗಬೇಕಾಯಿತು. ಹುಡುಗನ ಅಪ್ಪ ಕೈ ಮುಗಿದು, "ಹೊತ್ತಾತ್ರಿ, ಕಬ್ಬಿನ ಗಾಡಿ ಭಾಳ ಇರ್ತಾವ ರಸ್ತಾದಾಗ," ಎಂದರು. ಆಯಿ ಅವಳನ್ನು ಮೇಲಿಂದ ಕೆಳಗೆ ನೋಡಿ ಹೋದರು. ಚಹಾ ಕುಡಿದವನು ನಾನೊಬ್ಬನೇ, ಅವಳ ಭಾವನ ಮಗ ಎಂಬ ಕಾರಣಕ್ಕೆ. ಮೊದಲ ಗುಟುಕು ಬಹಳ ಹೊತ್ತು ಬಾಯಲ್ಲಿಯೇ ಇತ್ತು.

ಮರುದಿನ ಡೈರೆಕ್ಟರನ ಫೋನಿನಲ್ಲಿ ಕಾಕು ಪೂರ್ತಿ ನೋಡಿದಳು. ಅವಳಿಗೆ ಮೊದಲು ಸಿಟ್ಟು ಬಂದದ್ದು ಕೊಲೆಗಲ್ಲ.

"ಆ ಹೂರಣ ಕಲಸೂ ಕೈ ಯಾರವು?"

"ನಮ್ಮವ್ವಂದು, ಕಾಕು."

"ಅನಕೊಂಡೆ. ಹೂರಣ ಹಂಗ ಕಲಸ್ತಾರೇನು? ವಿಷಾ ಹಾಕಲಾರದಿದ್ರೂ ಅದನ್ನ ತಿಂದವ್ರು ಸಾಯ್ತಿದ್ರು."

ಊರು ಎರಡೇ ದಿನದಲ್ಲಿ ಹೆದರಿಕೆ ಬಿಟ್ಟು ಚೇಷ್ಟೆಗಿಳಿಯಿತು. ಹಿಟ್ಟಿನ ಗಿರಣಿಯಲ್ಲಿ ಕಾಕು ಕಂಡರೆ "ಬಾಯಿ ಮುಚ್ಚರೆಪಾ, ಯಾರಿಗರೆ ತಿನಿಸ್ಯಾಳು" ಎನ್ನುವರು. ಮಾಸ್ತರರು ಕಟ್ಟೆಯ ಮೇಲೆ ಕೂತು, "ನಾಲ್ಕು ಮಂದ್ಯಾಗ ನಾನ ಹಿರಿಯ. ನನ್ನ ಮೊದಲ ಸಾಯಿಸಬೇಕಿತ್ತು. ಟೇಲರ್‌ನ್ನ ಮೊದಲ ಸಾಯಿಸ್ಯಾನ," ಎಂದು ಡೈರೆಕ್ಟರನ ಮೇಲೆ ದೂರು ಹೇಳುತ್ತಿದ್ದರು. ಎಲ್ಲ ನಗುತ್ತಿದ್ದರು. ಆದರೆ ಆ ವಾರ ಎರಡು ಮನೆಯಲ್ಲಿ ಹೋಳಿಗೆಯಾಯಿತು. ಹದ ನೋಡಲು ಕಾಕುವಿಗೆ ಕರೆ ಬರಲಿಲ್ಲ.

ಕೊಗನೊಳ್ಳಿಯಿಂದ ಫೋನು ಬಂತು. ಕಾಕಾ ಮಾತಾಡಿ ಫೋನು ಇಟ್ಟರು. "ಬರ್ತಾರಂತ. ಊಟ-ಗೀಟ ಏನೂ ಮಾಡಬ್ಯಾಡ್ರಿ, ಬರೇ ಚಾ ಕುಡದ ಹೋಗ್ತೀವಿ ಅಂದ್ರು."

ಬರೇ ಚಹಾ ಎಂದರೆ ಏನೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೇಡ ಎಂದು ಬಾಯಿಬಿಟ್ಟು ಹೇಳಲಾಗದವರು ಚಹಾ ಕುಡಿದು ಹೋಗುತ್ತಾರೆ. ಆಮೇಲೆ ಫೋನು ಎತ್ತುವುದಿಲ್ಲ. ತಂಗಿ ಅಡುಗೆಮನೆಯಿಂದ ಎದ್ದು ಹಿತ್ತಲಿಗೆ ಹೋಗಿ, ಗೋಡೆಯಾಚೆಯ ಡೈರೆಕ್ಟರನಿಗೆ ಒಂದೇ ಮಾತು ಹೇಳಿ ಬಂದಳು: "ನನ್ನ ಲಗ್ನಾ ಮುರೀತಂದ್ರ, ನಿನ್ನ ಮುಂದಿನ ಸಿನಿಮಾದಾಗ ಬಡಸಾಕ ನಾ ಬರ್ತೀನಿ. ಖರೇ ಖರೇ ಬಡಸ್ತೀನಿ." ಬಂದು ಮೂಲೆಯಲ್ಲಿ ಮುಖ ತಿರುಗಿಸಿ ಕೂತಳು.

ಅವರು ಬೇಡವೆಂದರೂ ಕಾಕು ಹೋಳಿಗೆ ಮಾಡಿದಳು. ಬಂದವರು ನಡುಮನೆಯಲ್ಲಿ ಕೂತಾಗ ತಟ್ಟೆಗಳನ್ನು ಇಟ್ಟುಬಿಟ್ಟಳು. ಇಟ್ಟ ತಟ್ಟೆಯ ಮುಂದಿನಿಂದ ಏಳುವುದು ಅವರಿಗೂ ಆಗಲಿಲ್ಲ. ಆಯಿ ನಡುವೆ, ಆಚೀಚೆ ಹುಡುಗ ಮತ್ತು ಅವನ ಅಪ್ಪ, ತುದಿಗೆ ಮಾಸ್ತರರು ಮತ್ತು ಟೇಲರ್. ಸತ್ತವರು ಬದುಕಿದ್ದಾರೆಂದು ತೋರಿಸಲು ಅವರಿಬ್ಬರನ್ನು ಕೂಡಿಸುವ ಯೋಚನೆ ಕಾಕಾನದು. ತುಪ್ಪದ ಗಿಂಡಿ ಹಿಡಿದುಕೊಂಡು ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ.

ಒಳಗೆ ಕಾಕು ನನಗೆ ಮೊದಲೇ ಹೇಳಿದ್ದಳು: "ನಾ ತುಟಿ ಬಿಚ್ಚೂದಿಲ್ಲ. ಹಾಕ್ತೀನಿ, ಒಳಗ ಬರ್ತೀನಿ. ಉಂಡರ ಉಣ್ಣಲಿ, ಬಿಟ್ಟರ ಬಿಡಲಿ."

ಹಾಗೆಯೇ ಮಾಡಿದಳು. ಒಂದೊಂದು ಹೋಳಿಗೆ ಹಾಕಿ, ತಲೆ ತಗ್ಗಿಸಿ ಒಳಗೆ ಬಂದಳು. ಅವರು ಸ್ವಲ್ಪ ಸ್ವಲ್ಪವೇ ಮುರಿದು ತಿಂದರು. ಟೇಲರ್ ಮೊದಲು ಮುಗಿಸಿ, ಬೇಕೆಂದೇ ದೊಡ್ಡದಾಗಿ ತೇಗಿದ. ಹುಡುಗನ ಅಪ್ಪ ಮುಗಿಸಿ, ರೂಢಿಯಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಪೋಟ್ ಭರ್‌ಲ ರೀ, ಹೊಟ್ಟಿ ತುಂಬೇತಿ," ಎಂದರು. ಯಾರೂ ಇನ್ನೊಂದು ತರಲಿಲ್ಲ. ಅಡ್ಡ ಹಿಡಿದ ಕೈಯನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಹುಡುಗ ಖಾಲಿ ತಟ್ಟೆ ನೋಡುತ್ತ ಕೂತ. ಏಳುವಂತಿಲ್ಲ, ಕೇಳುವಂತಿಲ್ಲ. ನಾನು ಆ ಮನೆಯಲ್ಲಿ ಅಷ್ಟು ಸದ್ದಿಲ್ಲದ ಊಟ ಕಂಡಿರಲಿಲ್ಲ. ಆ ಕ್ಷಣಕ್ಕೆ ಸಿನಿಮಾ ಎಷ್ಟೋ ವಾಸಿ ಅನಿಸಿತು.

ಆಯಿ ತಟ್ಟೆಯನ್ನು ನೆಲಕ್ಕೆ ಒಮ್ಮೆ ಕುಟ್ಟಿದರು.

"ಬೀಗತಿ ಎಲ್ಲಿ?"

ಕಾಕು ಹೊಸ್ತಿಲಿಗೆ ಬಂದಳು.

"ಅಲ್ಲ ಬೇ, ಮಗನ್ನ ಕೊಂದವರಿಗೆ ಅಷ್ಟ ಒತ್ತಾಯಾ ಮಾಡಿದಿ. ಆಣಿ ಹಾಕಿ ಹಾಕಿ ತಿನಿಸಿದಿ. ಮಗಳನ್ನ ಒಯ್ಯಾಕ ಬಂದವ್ರಿಗೆ ಒಂದ ಮಾತ ಇಲ್ಲೇನು? ಅವ್ರೇನ ಪುಣ್ಯಾ ಮಾಡಿದ್ರು, ನಾವೇನ ಪಾಪಾ ಮಾಡೀವಿ?"

ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಳಗೆ ಹೋಗಿ ಹೋಳಿಗೆಯ ತಾಟನ್ನೇ ಎತ್ತಿಕೊಂಡು ಬಂದಳು.

"ತಗೋರಿ ಆಯಿ. ಇನ್ನೊಂದ. ನನ್ನ ಆಣಿ ಐತಿ."

ಹುಡುಗನ ಅಪ್ಪ ಉಸಿರು ಬಿಗಿಹಿಡಿದರು. ಮಾಸ್ತರರು ಕಣ್ಣು ಮುಚ್ಚಿದರು. ಆಯಿ ಕೈ ಅಡ್ಡ ಹಿಡಿಯಲಿಲ್ಲ. ತಿಂದರು, ಮೂರನೆಯದಕ್ಕೆ ಬೇಡ ಎಂದರು, ಒತ್ತಾಯ ಮಾಡಿಸಿಕೊಂಡರು, ಅದನ್ನೂ ತಿಂದರು. ನಾನು ತುಪ್ಪ ಹಾಕಿದೆ. ಒಂದಷ್ಟು ಅವರ ಸೀರೆಯ ಮೇಲೂ ಬಿತ್ತು.

ಉಂಡು ಕೈ ತೊಳೆದ ಆಯಿ ಗೋಡೆಗೆ ಒರಗಿದರು. ಹಾಗೆಯೇ ಜಾರಿ ಚಾಪೆಯ ಮೇಲೆ ಅಡ್ಡಾದರು. ಕಣ್ಣು ಮುಚ್ಚಿತು. ಕೈ ಪಕ್ಕಕ್ಕೆ ಬಿತ್ತು. ಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಹುಡುಗನ ಅಪ್ಪ ಮೊಣಕಾಲಿನ ಮೇಲೆ ತೆವಳಿ ಹೋಗಿ, ತಾಯಿಯ ಮೂಗಿನ ಹತ್ತಿರ ಬೆರಳು ಹಿಡಿದರು. ಆಯಿಯ ಕೆನ್ನೆಯ ಮೇಲೆ ಒಂದು ನೊಣ ಕೂತಿತ್ತು. ಕಾಕು ರೂಢಿಯಂತೆ ಒಂದು ಬಿಳಿ ಪಂಜೆ ಬಿಡಿಸಿಕೊಂಡು ಹೋದಳು, ನಡುದಾರಿಯಲ್ಲಿ ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ಪಂಜೆ ಹಿಡಿದು ಅಲ್ಲಿಯೇ ನಿಂತಳು.

ಕಣ್ಣು ತೆರೆಯದೆ ಆಯಿ ಹೇಳಿದರು: "ಹೊಚ್ಚ ಬೇ. ನೊಣಾ ಕಾಡಾಕತ್ತಾವ. ಮತ್ತ ನೀ ಇನ್ನೂ ಉಂಡಿಲ್ಲ. ಇಲ್ಲೇ ನನ್ನ ಬಾಜೂಕ ಕೂತ ಉಣ್ಣು."

ಕಾಕು ಹೊದಿಸಿದಳು. ತಟ್ಟೆ ತಂದು ಆಯಿಯ ಪಕ್ಕ ಕೂತು ಉಂಡಳು. ಸಂಜೆ ಆಯಿ ಎದ್ದು ತಂಬಾಕು ತಿಕ್ಕಿ, ತಂಗಿಯ ಉಡಿಯಲ್ಲಿ ಸಕ್ಕರೆ ಪೊಟ್ಟಣ ಹಾಕಿದರು.

ನಾನು ಅಡುಗೆಮನೆಯ ಹೊಸ್ತಿಲಿನಿಂದ ಕಂಡದ್ದು ಇಷ್ಟು. ಇದನ್ನು ಕಂಡ ಉಳಿದವರು: ಕಾಕಾ, ಈಗ ಕೊಗನೊಳ್ಳಿಯ ಸೊಸೆಯಾಗಿರುವ ನನ್ನ ತಂಗಿ ಮತ್ತು ಅವಳ ಗಂಡ, ತಾಯಿಯ ಮೂಗಿಗೆ ಬೆರಳು ಹಿಡಿದ ಅವಳ ಮಾವ, ತಾನು ಹಿರಿಯನೆಂದು ಇನ್ನೂ ಹೇಳುವ ಮಾಸ್ತರರು, ಟೇಲರ್, ಗೋಡೆಯಾಚೆಯಿಂದ ಇಣುಕಿ ನೋಡುತ್ತಿದ್ದ ಡೈರೆಕ್ಟರ್, ಮತ್ತು ಪಂಜೆಯೊಳಗಿನಿಂದ ಎಲ್ಲವನ್ನೂ ಕಂಡ ಆಯಿ. ಕಾಕುವಿನ ಹೋಳಿಗೆ ಉಂಡೂ, ಅಷ್ಟೂ ಜನ ಇಂದಿಗೂ ಬದುಕಿದ್ದಾರೆ.