ವೈರ್ ಸುಲಿಯುವ ಹಲ್ಲು

ರೂಟ್ ಕೆನಾಲ್ ಎಂದರೆ ಹಲ್ಲನ್ನು ಬುಡಸಮೇತ ಕಿತ್ತು, ಬೇರು ತೊಳೆದು, ಒರೆಸಿ, ಮತ್ತೆ ಅದೇ ತೂತಿನಲ್ಲಿ ನೆಡುವುದು ಎಂದು ಬಾಮೈದ ಬಹಳ ಕಾಲ ನಂಬಿದ್ದ. ಯಾರೂ ಹೇಳಿಕೊಟ್ಟಿದ್ದಲ್ಲ, ಸ್ವಂತ ಸಂಶೋಧನೆ. ಕುಂಡ ಬದಲಿಸುವಾಗ ಗಿಡಕ್ಕೆ ಮಾಡುತ್ತಾರಲ್ಲ, ಹಾಗೆ. ನಂಬಿಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಕೊರಿಯರ್ ಆಫೀಸಿನಲ್ಲಿ ದಿನವಿಡೀ ಪಾರ್ಸೆಲ್ ವಿಂಗಡಿಸುವ ಅವನ ಮಾತಿಗೆ ಬೆಲೆ ಕೊಡುವವರು ಲೋಕದಲ್ಲಿ ಒಬ್ಬರೇ ಇದ್ದರು, ಅಕ್ಕನ ಗಂಡ. ಎಲೆಕ್ಟ್ರಿಷಿಯನ್ ಭಾವ ಹಲ್ಲುನೋವೆಂದು ಕೆನ್ನೆ ಹಿಡಿದು ಕೂತಿದ್ದಾಗ ಈ ಮಹಾಶಯ ತನ್ನ ಜ್ಞಾನವನ್ನೆಲ್ಲ ಧಾರೆ ಎರೆದ.

"ಬಲ್ಬ್ ಬಿಚ್ಚಿ ಒರೆಸಿ ಹಾಕ್ದಂಗಾ?" ಎಂದರು ಭಾವ.

"ಹೂಂ ಭಾವ, ಹಂಗೇ."

"ವಾಪಸ್ ಹಾಕ್ದಾಗ ಹೋಲ್ಡರ್ ಲೂಸ್ ಆಗಿದ್ರೆ?"

ಬಾಮೈದನ ಸಂಶೋಧನೆ ಅಷ್ಟು ದೂರ ಹೋಗಿರಲಿಲ್ಲ. ಭಾವ ನೋವಿನ ಮಾತ್ರೆ ನುಂಗುತ್ತ ದಿನ ತಳ್ಳಿದರು. ಕೆನ್ನೆ ಬನ್ನಿನಂತೆ ಊದಿಕೊಂಡಾಗ ಅಕ್ಕನಿಗೆ ಎಲ್ಲ ಗೊತ್ತಾಯಿತು.

"ನಿನ್ ಬಾಯಿಗೆ ಬೀಗ ಹಾಕ! ಹೆದರಿಸಿದ್ದು ನೀನು ತಾನೆ? ನೀನೇ ಕರ್ಕೊಂಡು ಹೋಗು. ಪ್ರತಿ ಸಲಾನೂ!"

ಪ್ರತಿ ಸಲ ಎಂದರೆ ಎಷ್ಟು ಸಲ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ನೋಯುತ್ತಿದ್ದುದು ಭಾವನ ಮೇಲಿನ ಕೋರೆಹಲ್ಲು, ಮನೆಯಲ್ಲಿ ಅವರಷ್ಟೇ ದುಡಿಯುವ ಹಲ್ಲು. ಏಣಿಯ ತುದಿಯಲ್ಲಿ ನಿಂತು ಒಂದು ಕೈಯಲ್ಲಿ ಫ್ಯಾನನ್ನು ಆನಿಸಿಕೊಂಡು, ಇನ್ನೊಂದರಲ್ಲಿ ವೈರಿನ ತುದಿಯನ್ನು ಬಾಯಿಗೆ ತಂದು, ಒಂದು ಕಚ್ಚು, ಒಂದು ಎಳೆತ. ಪ್ಲಾಸ್ಟಿಕ್ ಸಿಪ್ಪೆ ತುಟಿಯಲ್ಲಿ, ತಾಮ್ರ ಬೆರಳಲ್ಲಿ. ಒಂದು ಎಳೆಯೂ ತುಂಡಾಗುತ್ತಿರಲಿಲ್ಲ. ವೈರ್ ಸುಲಿಯಲೆಂದೇ ಅಕ್ಕ ಕೊಡಿಸಿದ್ದ ಇಕ್ಕಳ, ಹೊದ್ದುಕೊಂಡು ಬಂದ ಕವರನ್ನೂ ಕಳಚದೆ ಚೀಲದ ತಳದಲ್ಲಿ ಮಲಗಿತ್ತು. "ಅದನ್ನ ತೆಗಿಯೋಕೆ ಏಣಿ ಇಳೀಬೇಕು. ಹಲ್ಲು ನನ್ ಜೊತೇಲೇ ಹತ್ತುತ್ತೆ" ಎನ್ನುತ್ತಿದ್ದರು. ಕಚ್ಚಿ ಕಚ್ಚಿ ಹಲ್ಲಿನ ಅಂಚಿನಲ್ಲಿ ವೈರ್ ಕೂರುವಷ್ಟೇ ಜಾಗ ಸವೆದಿತ್ತು. ಅಲ್ಲಿಂದಲೇ ಬಿರುಕೊಂದು ಒಳಗಿಳಿದಿತ್ತು.

ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಂಜೆಕ್ಷನ್ ಕೊಟ್ಟು ಮರಗಟ್ಟಿಸ್ತೀನಿ. ಹಲ್ಲಲ್ಲಿ ಸಣ್ಣ ತೂತು ಮಾಡಿ, ಒಳಗೆ ಕೆಟ್ಟಿರೋ ನರ ತೆಗೆದು, ತೊಳೆದು, ಔಷಧಿ ಇಟ್ಟು ಮುಚ್ತೀನಿ. ಕೀವು ಇದೆ, ಒಂದೇ ಸಲಕ್ಕೆ ಮುಗಿಯಲ್ಲ. ಕೊನೇಲಿ ಮೇಲೊಂದು ಕ್ಯಾಪ್."

"ಕೀಳಲ್ವಾ?" ಎಂದ ಭಾವ ತಿರುಗಿ ಬಾಮೈದನನ್ನು ನೋಡಿದರು. ಆ ನೋಟ ಬಾಮೈದನಿಗೆ ಚುಚ್ಚಿದಷ್ಟು ಆಮೇಲಿನ ಇಂಜೆಕ್ಷನ್ನೂ ಭಾವನಿಗೆ ಚುಚ್ಚಲಿಲ್ಲ.

"ಕೀಳಲ್ಲ. ಆದ್ರೆ ಬಿರುಕು ಇನ್ನೊಂಚೂರು ಕೆಳಗೆ ಹೋಯ್ತು ಅಂದ್ರೆ ಕ್ಯಾಪ್ ಕೂರಿಸೋಕೆ ಹಲ್ಲೇ ಇರಲ್ಲ, ಆಗ ಕೀಳೋದೇ. ಕ್ಯಾಪ್ ಹಾಕೋವರೆಗೂ ಅದ್ರಲ್ಲಿ ಗಟ್ಟಿ ಏನೂ ಕಚ್ಚಬೇಡಿ. ವೈರಂತೂ ಹತ್ರಾನೂ ತರಬೇಡಿ."

ಭಾವನ ಬಾಯಿಗೆ ಹಸಿರು ರಬ್ಬರಿನ ಹಾಳೆ ಬಿಗಿದರು. ಅದರ ತೂತಿನಿಂದ ಆ ಒಂದು ಹಲ್ಲು ಮಾತ್ರ ಇಣುಕುತ್ತಿತ್ತು. ಡಾಕ್ಟರಮ್ಮ ಕೂದಲಿನಂಥ ಸೂಜಿಗಳನ್ನು ಒಳಗಿಳಿಸಿ ಬೆರಳಲ್ಲಿ ತಿರುವಿ ತಿರುವಿ ತೆಗೆದರು. ನೋವಿರಲಿಲ್ಲ, ಯಾರೋ ಒತ್ತಿದ ಹಾಗಾಗುತ್ತಿತ್ತು, ಅಷ್ಟೇ. ಬಾಯಿ ತೆರೆದು ತೆರೆದು ದವಡೆ ಸೋತಿತು. ಆಮೇಲೆ ಮರಗಟ್ಟಿದ ತುಟಿಯಿಂದ ನೀರೂ ನಿಲ್ಲದೆ ಅಂಗಿಯ ಮೇಲೆ ಇಳಿಯಿತು. ಒಂದೆರಡು ದಿನ ಕಚ್ಚಿದರೆ ನೋವು, ಮೆತ್ತಗಿನ ಊಟ. ಅಷ್ಟರಲ್ಲಿ ಮತ್ತೆ ಬನ್ನಿ. ಹೋದರೆ, ಕೀವು ಇನ್ನೂ ಇದೆ, ಮತ್ತೆ ಬನ್ನಿ.

ಬಾಮೈದನ ಸೂಪರ್‌ವೈಸರ್‌ಗೆ ಈ 'ಮತ್ತೆ ಬನ್ನಿ' ತಲೆಗೆ ಹೋಗಲಿಲ್ಲ.

"ಹಲ್ಲು ನಿಂದಾ?"

"ಅಲ್ಲ ಸಾರ್, ನಮ್ ಭಾವಂದು."

"ಹಂಗಾದ್ರೆ ರಜ ಅವರು ಹಾಕ್ಲಿ."

ಅತ್ತ ಭಾವ ಮೊದಲ ಬಾರಿಗೆ ಇಕ್ಕಳದ ಕವರ್ ಬಿಚ್ಚಿದ್ದರು. ಮುಟ್ಟಿದ ಕೆಲಸವೆಲ್ಲ ಎಳೆಯಿತು. ಏಣಿ ಹತ್ತಿದರೆ ಇಕ್ಕಳ ಕೆಳಗೆ, ಇಕ್ಕಳ ಸಿಕ್ಕರೆ ವೈರು ಕೈತಪ್ಪಿ ಮೇಲೆ. "ಇದು ತಾಮ್ರಾನೂ ಸೇರಿಸಿ ಕತ್ತರಿಸುತ್ತೆ ಕಣೋ! ಎಲ್ಲಿ ನಿಲ್ಲಿಸ್ಬೇಕು ಅಂತ ಹಲ್ಲಿಗೆ ಗೊತ್ತಿತ್ತು, ಈ ಮುಂಡೇದಕ್ಕೆ ಗೊತ್ತಿಲ್ಲ" ಎಂದು ಮನೆಗೆ ಬಂದು ಕೂಗಾಡುತ್ತಿದ್ದರು. ಹಾಗೆ ಕೂಗಾಡಿದರೂ ಒಂದೇ ಒಂದು ವೈರನ್ನು ಕಚ್ಚಲಿಲ್ಲ. ಕ್ಯಾಪ್ ಬಿದ್ದ ಮೇಲೆ ಹಲ್ಲಿಗೆ ಹಳೆಯ ಕೆಲಸ ವಾಪಸ್ ಕೊಡಬಹುದು ಎಂಬ ಗುಟ್ಟಿನ ಆಸೆ ಅವರದು. ಡಾಕ್ಟರಮ್ಮನನ್ನು ಅವರು ಕೇಳಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು.

ಅಂತೂ ಕೀವು ನಿಂತಿತು, ಒಳಗೆಲ್ಲ ತುಂಬಿ ಮುಚ್ಚಿದ್ದೂ ಆಯಿತು. ಕ್ಯಾಪಿಗೆ ಅಳತೆ ತೆಗೆಯುವ ದಿನ. ಹಲ್ಲನ್ನು ಸುತ್ತ ತೇಯುವಾಗ ವಸಡು ನೋಯದಿರಲಿ ಎಂದು ಇಂಜೆಕ್ಷನ್ ಚುಚ್ಚಿದರು. ತುಟಿ, ಕೆನ್ನೆ ಮರಗಟ್ಟಿದವು. ಡಾಕ್ಟರಮ್ಮ ಯಂತ್ರ ಕೈಗೆತ್ತಿಕೊಂಡರು. ಕುರ್ಚಿಯ ಮೇಲಿನ ದೀಪ ಎರಡು ಸಲ ಮಿಣುಕಿ ಆರಿಹೋಯಿತು.

ಹೊರಗೆ ಹೋಗಿ ಫೋನ್ ಮಾಡಿ ಬಂದ ಡಾಕ್ಟರಮ್ಮ, "ರಿಪೇರಿಯವರು ನಾಳೆ ಬರ್ತಾರಂತೆ. ನೀವೂ ನಾಳೆ ಬಂದ್ಬಿಡಿ" ಎಂದು ಮುಂದಿನ ಕೋಣೆಯಲ್ಲಿ ಕಾಯುತ್ತಿದ್ದವರನ್ನು ಮಾತಾಡಿಸಲು ಹೋದರು.

ಬಾಮೈದನ ಪಿತ್ತ ನೆತ್ತಿಗೇರಿತು. "ನಾಳೆ? ನಾಳೆ ರಜ ಕೇಳಿದ್ರೆ ನನ್ನೇ ಪಾರ್ಸೆಲ್ ಮಾಡ್ತಾರೆ! ಒಂದು ಹಲ್ಲು ಭಾವ, ಒಂದೇ ಒಂದು ಹಲ್ಲು! ಮನೆ ಕಟ್ಟಿದ್ರೂ ಇಷ್ಟೊತ್ತಿಗೆ ಮುಗೀತಿತ್ತು. ನಿಮ್ ಬಾಯಿ ಕಾಯ್ಕೊಂಡು ನನ್ ಕೆಲಸ ಹೋಗುತ್ತೆ ಅಷ್ಟೇ!" ಎಂದು ರೇಗಿ, ಸೂಪರ್‌ವೈಸರ್‌ಗೆ ಫೋನ್ ಮಾಡಲು ಮೆಟ್ಟಿಲಿಳಿದು ಹೋದ. ಅಲ್ಲಿ ಬೈಸಿಕೊಂಡು ಮೇಲೆ ಬಂದರೆ ದೀಪ ಝಗಮಗ ಉರಿಯುತ್ತಿತ್ತು. ಭಾವ ಸ್ಟೂಲಿನಿಂದ ಇಳಿಯುತ್ತಿದ್ದರು. ಕೊರಳಲ್ಲಿ ಡಾಕ್ಟರಮ್ಮ ಕಟ್ಟಿದ್ದ ಎಂಜಲು ಬಟ್ಟೆ ಹಾಗೇ ಇತ್ತು, ಕೈಯಲ್ಲಿ ಜೇಬಿನ ಟೆಸ್ಟರ್.

"ಪ್ಲಗ್ ಕಿತ್ತು, ಲೈಟ್ ಬಿಚ್ಚಿ ನೋಡ್ದೆ. ವೈರ್ ಸುಟ್ಟಿತ್ತು. ಕತ್ತರಿಸಿ, ಸುಲಿದು, ಬಿಗಿದೆ" ಎಂದರು ಸೊಟ್ಟ ಬಾಯಲ್ಲಿ.

"ಭಾವ ಅಂದ್ರೆ ಭಾವ!" ಎಂದು ಬಾಮೈದ ಕುಣಿದ. ಇಕ್ಕಳ ಮನೆಯ ಚೀಲದಲ್ಲಿದೆ ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಡಾಕ್ಟರಮ್ಮ ಬಂದು, ಬೆರಗಾಗಿ, ಥ್ಯಾಂಕ್ಸ್ ಹೇಳಿ ದೀಪವನ್ನು ಭಾವನ ಮುಖಕ್ಕೆ ತಿರುಗಿಸಿದರು. ಮರಗಟ್ಟಿದ ತುಟಿಗೆ ಕೆಂಪು ಪ್ಲಾಸ್ಟಿಕ್ಕಿನ ಪುಟ್ಟ ಸಿಪ್ಪೆಯೊಂದು ಅಂಟಿತ್ತು. ಚಿಮಟದಿಂದ ಅದನ್ನು ತೆಗೆದು ಬೆಳಕಿಗೆ ಹಿಡಿದರು. ಆಮೇಲೆ ನಾಲಿಗೆಯ ಪಕ್ಕದಿಂದ ಇನ್ನೊಂದನ್ನು ತೆಗೆದರು. ಅದು ಬಿಳಿಯದು, ಹಲ್ಲಿನ ಚೂರು.

ಡಾಕ್ಟರಮ್ಮ ಸಣ್ಣ ಕನ್ನಡಿ ಇಟ್ಟು ಮತ್ತೆ ಮತ್ತೆ ನೋಡಿದರು. "ವಸಡಿನ ಕೆಳಗೆ ಸೀಳಿದೆ. ಇನ್ನು ಕೀಳೋದೇ."

ಬಾಮೈದ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಕ್ಕನ ಮುಖ ಕಣ್ಣ ಮುಂದೆ ಬಂತು.

"ಅಲ್ಲಾ ರೀ" ಎಂದು ಡಾಕ್ಟರಮ್ಮ ಕೈಗವಸು ಕಳಚಿದರು. "ಇಷ್ಟು ದಿನ ತಡ್ಕೊಂಡು ಬಂದ್ರಿ. ಇವತ್ತೊಂದು ದಿನ, ಅದೂ ನನ್ ಲೈಟಿಗೋಸ್ಕರ, ಹಲ್ಲೇ ಕಳ್ಕೊಂಡ್ರಲ್ಲ, ಯಾಕೆ?"

ಭಾವ ತುಟಿ ಒರೆಸಿಕೊಂಡು ಬಾಮೈದನ ಕಡೆ ಬೆರಳು ತೋರಿಸಿದರು.

"ನಿಮ್ ಲೈಟಿಗಲ್ಲ ಡಾಕ್ಟ್ರೇ. ಇವನ ಗೊಣಗಾಟ ಇನ್ನೊಂದು ದಿನ ಕೇಳೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದೇ ವಾಸಿ."