ಯುವಣ್ಣನ ಹಿಂದಲೆ

ಪುರಸಭೆಯ ಯುವ ಪ್ರತಿನಿಧಿಯಾಗಿ ಅವನನ್ನು ಕೂರಿಸಿದಾಗ ಮೀಸೆ ಆಗಷ್ಟೇ ಚಿಗುರುತ್ತಿತ್ತು. ಈಗ ಆ ಮೀಸೆಗೂ ಬಣ್ಣ ಬೇಕು. ಸಭೆಯಲ್ಲಿ ಯುವಕರಿಗೆಂದು ಇಟ್ಟದ್ದು ಒಂದೇ ಕುರ್ಚಿ. ಏಳು ಎಂದು ಯಾರೂ ಹೇಳಲಿಲ್ಲ, ಅವನೂ ಏಳಲಿಲ್ಲ. ಊರಿಗೆಲ್ಲ ಅವನು ಯುವಣ್ಣ.

ಹೊಟ್ಟೆಪಾಡಿಗೆ ಮಿಕ್ಸಿ, ಫ್ಯಾನು ರಿಪೇರಿ. ದಿನವೆಲ್ಲ ಗಿರಾಕಿಗಳ ಕೈಲಿ ಬೈಸಿಕೊಂಡವನಿಗೆ, ಸಭೆಯಲ್ಲಿ ಅಧ್ಯಕ್ಷರು "ನಮ್ಮ ಯುವಶಕ್ತಿ ಏನನ್ನುತ್ತೆ?" ಎಂದು ಕೇಳುವ ಆ ಒಂದು ಗಳಿಗೆ ಸಾಕು, ತಿಂಗಳೆಲ್ಲ ಎದೆ ಉಬ್ಬಿರುತ್ತಿತ್ತು. ಯುವಶಕ್ತಿ ಎದ್ದು, "ಅಭ್ಯಂತರವಿಲ್ಲ ಸಾರ್" ಎಂದು ಹೇಳಿ, ಮಂಡಿ ಹಿಡಿದುಕೊಂಡು ಕೂರುತ್ತಿತ್ತು.

ಸಭೆಯ ಹಿಂದಿನ ದಿನ ಹಿತ್ತಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು ರೂಢಿ. ಮುಂದಲೆಗೆ ಬಣ್ಣ ತಾನೇ ಬಳಿದುಕೊಳ್ಳುತ್ತಿದ್ದ. ಕಣ್ಣಿಗೆ ಕಾಣದ ಹಿಂದಲೆ ಮಾತ್ರ ಅಣ್ಣನ ಮಗಳ ಪಾಲು. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗಿ.

"ಅಲ್ಲಾಡಬೇಡ ಚಿಕ್ಕಪ್ಪ. ಯೌವನ ಕಿವಿ ಮೇಲೆಲ್ಲ ಸೋರ್ತಿದೆ."

"ನಗು, ನಗು. ನಿಂಗೂ ಒಂದು ಕಾಲ ಬರುತ್ತೆ."

"ಹೇಗ್ ಬರುತ್ತೆ? ನೀನು ಕುರ್ಚಿ ಬಿಟ್ರೆ ತಾನೆ?"

ಇಬ್ಬರೂ ನಕ್ಕರು. ಆಮೇಲೆ ಅವಳ ಬ್ರಷ್ಷು ನಿಂತಿತು.

"ಮಾರ್ಕೆಟ್ ಮಹಡಿ ಮೇಲಿನ ರೂಮನ್ನ ನಾಳೆ ಗೋಡೌನಿಗೆ ಬಿಟ್ಟುಕೊಡ್ತಾರಂತೆ. ನಾವೆಲ್ಲ ಪರೀಕ್ಷೆಗೆ ಓದೋದೇ ಅಲ್ಲಿ. ಬೇಡ ಅಂತ ಒಂದು ಮಾತು ಹೇಳು ಚಿಕ್ಕಪ್ಪ."

"ಹೇಳ್ದೇ ಬಿಡ್ತೀನಾ? ಗುಡುಗ್ತೀನಿ, ನೋಡ್ತಿರು!"

ಮರುದಿನ ಹಿಂದಿನ ಬೆಂಚುಗಳ ತುಂಬ ಹುಡುಗ ಹುಡುಗಿಯರು. ರೂಮಿನ ವಿಷಯ ಬಂತು. ಯುವಶಕ್ತಿ ಏನನ್ನುತ್ತೆ ಎಂದು ಅಧ್ಯಕ್ಷರು ಕೇಳಿದರು. ಯುವಣ್ಣ ಎದ್ದ. ಗುಡುಗು ಗಂಟಲವರೆಗೂ ಬಂದಿತ್ತು.

ಅಧ್ಯಕ್ಷರು ಕನ್ನಡಕದ ಮೇಲಿಂದ ಅವನನ್ನೊಮ್ಮೆ, ಹಿಂದಿನ ಬೆಂಚನ್ನೊಮ್ಮೆ ನೋಡಿದರು. "ಹುಡುಗರು ತುಂಬ ಬಂದಿದ್ದಾರಲ್ಲಪ್ಪ. ಆ ಕುರ್ಚಿಗೂ ಹೊಸಬರನ್ನ ನೋಡೋಣ್ವಾ?"

"ಅಭ್ಯಂತರವಿಲ್ಲ ಸಾರ್... ಅಂದ್ರೆ, ರೂಮಿಗೆ. ಗೋಡೌನಿಗೆ ಕೊಡೋದಕ್ಕೆ."

ಯುವಜನರ ಒಪ್ಪಿಗೆ ಸಿಕ್ಕಿತೆಂದು ಬರೆದುಕೊಂಡರು. ಯುವಜನರು ಎದ್ದು ಹೋದರು.

ಮನೆಯಲ್ಲಿ ಅವಳು ಕೂಗಾಡಿದ್ದರೆ ಅವನೂ ಕೂಗಾಡಿ ಹಗುರಾಗುತ್ತಿದ್ದ. "ಊಟಕ್ಕೆ ಬಾ ಚಿಕ್ಕಪ್ಪ" ಎಂದಳು, ಅಷ್ಟೇ.

ಮುಂದಿನ ತಿಂಗಳು ಬಣ್ಣ ಕಲಸಿಕೊಂಡು ಸ್ಟೂಲಿನ ಮೇಲೆ ಕೂತ.

"ಬರ್ತೀಯೇನಮ್ಮಾ?"

"ಓದ್ತಿದ್ದೀನಿ" ಎಂಬ ದನಿ ಒಳಗಿಂದ ಬಂತು. "ಈಗ ಮನೇಲೇ ಓದ್ಬೇಕಲ್ಲ."

ಬಟ್ಟಲಲ್ಲಿ ಬಣ್ಣ ಒಣಗತೊಡಗುವವರೆಗೂ ಕಾದ. ಕೊನೆಗೆ ತಡವರಿಸುತ್ತಾ ತಾನೇ ಹಿಂದಕ್ಕೆ ಕೈ ಹಾಕಿದ. ಶರ್ಟಿನ ಕಾಲರು ಚೆನ್ನಾಗಿ ಕಪ್ಪಾಯಿತು.

ಸಭೆಯಲ್ಲಿ ಅದೇ ಕುರ್ಚಿ. ಎದುರಿಗಿದ್ದ ಅಧ್ಯಕ್ಷರಿಗೆ ಕಂಡದ್ದು ಮಿರಮಿರ ಮಿಂಚುವ ಮುಂದಲೆ. "ನಮ್ಮ ಯುವಶಕ್ತಿ ಏನನ್ನುತ್ತೆ?" ಎಂದರು. ಯುವಣ್ಣ ಎದ್ದು ನಿಂತ, ಹಿಂದಲೆಯ ಬಿಳುಪನ್ನು ಅಂಗೈಯಲ್ಲಿ ಮುಚ್ಚಿಕೊಂಡು. ಮುಚ್ಚಿಕೊಳ್ಳಬೇಕಾಗಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.